ನೀರಿಗಿಳಿಯುವ ಬಟ್ಟೆಗೆ ಲೈನಿಂಗ್

ಗೇಟಿನಲ್ಲೇ ನನ್ನ ಕತ್ತರಿಯನ್ನು ತೆಗೆದಿಟ್ಟುಕೊಂಡರು. ಬೆರಳುದ್ದದ ಕತ್ತರಿ, ದಾರ ಕತ್ತರಿಸುವುದು ಬಿಟ್ಟರೆ ಬೇರೆ ಯಾವುದಕ್ಕೂ ಬಾರದ್ದು. ಅದು ಕೈಚೀಲದಲ್ಲಿಲ್ಲದೆ ನಾನು ಮನೆಯಿಂದ ಹೊರಟವಳೇ ಅಲ್ಲ. "ಚೂಪಾಗಿರೋದು ಒಳಗೆ ಬಿಡಲ್ಲ ಮೇಡಂ, ಹೋಗೋವಾಗ ಇಸ್ಕೊಳ್ಳಿ" ಎಂದು ಸೆಕ್ಯುರಿಟಿಯವಳು ಒಂದು ಚೀಟಿ ಕೊಟ್ಟಳು. ಹಿಂದೆಯೇ ಪುಳಿಯೋಗರೆ ಡಬ್ಬಿಯೂ ಹೋಯಿತು. "ಇದೂ ಚೂಪಾಗಿದ್ಯೇನಮ್ಮಾ?" ಎಂದು ಕೇಳಿದೆ. ಅವಳು ನಗಲಿಲ್ಲ. ಬೆಳಗ್ಗೆ ಬೆಳಗ್ಗೆಯೇ ನನಗೆ ತಲೆ ಕೆಟ್ಟಿತು.

ನಾವು ಹನ್ನೊಂದು ಜನ ಹೆಂಗಸರು. ಬ್ಯಾಟರಾಯನಪುರದಲ್ಲಿ ನಮ್ಮ ಬೀದಿಯ ಸುತ್ತಮುತ್ತಲಿನವರು, ಬೆಳಗ್ಗೆ ಅಲ್ಲಾಳಸಂದ್ರ ಕೆರೆಯ ಸುತ್ತ ನಡೆಯುವವರು. ಅವರಲ್ಲಿ ಹತ್ತು ಜನ ನನ್ನ ಗಿರಾಕಿಗಳು, ಹನ್ನೊಂದನೆಯವಳು ನಾನು. ನನ್ನದು ಲೇಡೀಸ್ ಟೈಲರ್ ಅಂಗಡಿ. ಒಂದು ಶಟರು, ಎರಡು ಮಿಷನ್ನು, ಅಳತೆ ತೆಗೆಯುವುದಕ್ಕೆ ಮೂಲೆಯಲ್ಲಿ ಒಂದು ಪರದೆ, ಇಷ್ಟೇ. ಬೇಸಿಗೆ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಊರಾಚೆಯ ಥೀಮ್ ಪಾರ್ಕಿಗೆ ಹೋಗಿಬಂದು ಕಥೆ ಹೇಳುತ್ತಾರೆ, ನಾವು ಮನೆಯಲ್ಲಿ ಕೂತು ಅವರ ಒದ್ದೆ ಬಟ್ಟೆ ಒಗೆಯುತ್ತೇವೆ. ಈ ಸಲ ನಾವೇ ಹೋಗೋಣ, ಯಾವ ಮಕ್ಕಳನ್ನೂ ಕರೆದುಕೊಂಡು ಹೋಗುವುದು ಬೇಡ ಎಂದು ಕೆರೆಯ ಕಟ್ಟೆಯ ಮೇಲೆ ತೀರ್ಮಾನವಾಯಿತು. ಟೆಂಪೋ ಟ್ರಾವೆಲರ್ ಬುಕ್ ಆಯಿತು.

ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಯಾವುದೇ ಕಾಗದವಾಗಲಿ ಕೊನೆಯ ಸಾಲಿನವರೆಗೆ ಓದುವವರು. ಅವರು ಫೋನಿನಲ್ಲಿ ಪಾರ್ಕಿನ ನಿಯಮಗಳನ್ನೆಲ್ಲ ಓದಿ, "ನೀರಿಗೆ ನೈಲಾನ್ ಇಲ್ಲಾ ಪಾಲಿಯೆಸ್ಟರ್ ಮಾತ್ರ ಅಂತೆ ಕಣ್ರೀ. ಕಾಟನ್ ಒಂದು ಚೂರೂ ಇರಬಾರದಂತೆ, ಅದರ ಎಳೆ ಬಿಟ್ಟುಕೊಂಡು ಫಿಲ್ಟರ್ ಕಟ್ಟಿಕೊಳ್ಳುತ್ತಂತೆ" ಎಂದರು. ಬಾಡಿಗೆಗೆ ಸಿಗುವ ತುಂಡು ಬಟ್ಟೆ ನಮಗ್ಯಾರಿಗೂ ಆಗದು. ಹಾಗಾಗಿ ನಾನೇ ಒಂದು ಥಾನು ನೀಲಿ ನೈಲಾನ್ ತಂದು, ತುಂಬು ತೋಳು, ಮಂಡಿಯವರೆಗೆ ಟಾಪು, ಪಾದದವರೆಗೆ ಪ್ಯಾಂಟು ಎಂದು ಹನ್ನೊಂದು ಜೊತೆ ಹೊಲಿದೆ. ಲೈನಿಂಗ್ ಇಲ್ಲದೆ. ಇದು ನನಗೆ ಒಗ್ಗದ ಕೆಲಸ. ನನ್ನ ಅಂಗಡಿಗೆ ಹೆಸರು ಬಂದದ್ದೇ ಲೈನಿಂಗಿನಿಂದ. ಕಾಟನ್ ತಂದು, ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕೊಡುತ್ತೇನೆ. ಎಷ್ಟು ಒಗೆದರೂ ಮೇಲಿನ ಬಟ್ಟೆ ಸುಕ್ಕಾಗುವುದಿಲ್ಲ.

ನಿಯಮದ ಮಾತು ಬಂದ ದಿನವೇ ನನಗೆ ಒಂದು ವಿಷಯ ನೆನಪಾಗಿತ್ತು. ರಂಜಾನಿನ ಹೊಲಿಗೆಯ ಗಡಿಬಿಡಿಯಲ್ಲಿ ಆರ್.ಟಿ. ನಗರದಿಂದ ಒಬ್ಬಾಕೆ ಬಂದು, ಕಂದು ನೈಲಾನ್ ಬಟ್ಟೆ ಕೊಟ್ಟು ಇಂಥದ್ದೇ ಒಂದು ಜೊತೆ ಹೊಲಿಸಿಕೊಂಡು ಹೋಗಿದ್ದಳು. "ನೀರಿಗೆ ಹಾಕ್ಕೊಳ್ಳೋದು ಅಕ್ಕಾ" ಎಂದಿದ್ದಳು. ಒದ್ದೆಯಾದರೆ ಮೈಗೆ ಅಂಟುತ್ತದಲ್ಲ, ಹೆಣ್ಣುಮಗಳು, ಎಂದುಕೊಂಡು ನಾನು "ಹಾಗಾದ್ರೆ ಒಳಗೆ ಒಳ್ಳೆ ಲೈನಿಂಗ್ ಕೊಡ್ತೀನಿ" ಎಂದಿದ್ದೆ. ಕೊಟ್ಟೂ ಇದ್ದೆ. ನಂಬರು ಪುಸ್ತಕದಲ್ಲಿತ್ತು, ಫೋನ್ ಮಾಡಿ ಹೇಳಬೇಕು ಎಂದುಕೊಂಡೆ. ನಾಳೆ ಮಾಡಿದರಾಯಿತು ಎಂದುಕೊಂಡೆ. ಮಾಡಲಿಲ್ಲ.

ಅಲೆಗಳ ಕೊಳದ ಹತ್ತಿರ ನಾವು ಹೋದಾಗ ನಾಲ್ಕು ದಾಟಿತ್ತು. ಅದೊಂದು ದೊಡ್ಡ ಕೊಳ. ಗಂಟೆಗೊಮ್ಮೆ ಸೈರನ್ ಕೂಗಿ, ಹತ್ತು ನಿಮಿಷ ಅಲೆ ಬಿಡುತ್ತಾರೆ. ಐದು ಗಂಟೆಯದ್ದು ಆ ದಿನದ ಕೊನೆಯ ಅಲೆ. ಕೊಳಕ್ಕೆ ಇಳಿಯುವ ಕಡೆ ಕಾವಲಿಗೆ ನಿಂತ ಹೆಂಗಸು ಪ್ರತಿಯೊಬ್ಬರ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ಬಿಡುತ್ತಿದ್ದಳು. ನಮ್ಮ ಮುಂದೆ ಒಬ್ಬಾಕೆ, ಜೊತೆಗೆ ಹತ್ತು ವರ್ಷದ ಮಗಳು. ಆಕೆಯ ಟಾಪಿನ ಅಂಚು ತಿರುಗಿಸಿದ ಕೂಡಲೇ ಕಾವಲಿನವಳು ತಲೆ ಅಲ್ಲಾಡಿಸಿದಳು.

"ಇಂಗೆ ಒಳಗೆ ಕಾಟನ್ ಇದ್ರೆ ಬಿಡಕಾಗಲ್ಲ ಕಣಕ್ಕ. ಬಾಡಿಗೆಗೆ ಸಿಗ್ತದೆ, ಅದ್ನ ಆಕ್ಕೊಂಡ್ ಬನ್ನಿ."

"ಅದು ಆಗಲ್ಲ ಮೇಡಂ, ಅದಕ್ಕೆ ತೋಳೇ ಇಲ್ಲ," ಎಂದಳು ಆಕೆ. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡಿದ್ದಳು, ಮುಖ ಕೆಂಪಾಗಿತ್ತು. ವಾದ ಮಾಡಲಿಲ್ಲ. ಅಂಚನ್ನು ಮತ್ತೆ ಮಡಿಸಿ, ಪಕ್ಕಕ್ಕೆ ಸರಿದು ನಿಂತಳು.

ಮಗಳೇ ನಮ್ಮ ಕಡೆ ತಿರುಗಿ ಹೇಳಿದ್ದು. "ಅಮ್ಮಿ ಹೋದ್ ಸಲ ಬಂದಾಗ ಇಡೀ ದಿನ ಎಲ್ಲರ ಬ್ಯಾಗು ಚಪ್ಪಲಿ ಕಾಯ್ತಾ ಕೂತಿದ್ರು ಆಂಟಿ. ಈ ಸಲ ನಾನೂ ನೀರಿಗೆ ಬರ್ತೀನಿ ಅಂತ ಅಬ್ಬಾನ್ನ ಒಪ್ಸಿದಾರೆ. ಡ್ರೆಸ್ಸೂ ಹೊಲಿಸ್ಕೊಂಡ್ರು. ಬೆಳಗ್ಗೆಯಿಂದ ಎಲ್ಲಾ ಕಡೆ ಬೇಡ ಅಂದ್ರು. ಇದೊಂದೇ ಉಳ್ದಿರೋದು."

"ಸುಮ್ನಿರು ಬೇಟಾ," ಎಂದಳು ಆಕೆ.

ನಾನು ಯಾರ ಮುಖವನ್ನೂ ಗುರುತಿಟ್ಟುಕೊಳ್ಳುವವಳಲ್ಲ. ಅಳತೆ ತೆಗೆಯುವಾಗ ನನ್ನ ಕಣ್ಣು ಭುಜ, ಎದೆ, ಸೊಂಟದ ಮೇಲಿರುತ್ತದೆ. ಆಕೆ ಪಕ್ಕಕ್ಕೆ ತಿರುಗಿದಾಗ ಎಡಭುಜ ನೋಡಿದೆ. ಬಲಭುಜಕ್ಕಿಂತ ಅರ್ಧ ಇಂಚು ಇಳಿದಿತ್ತು. ಅದು ಗೊತ್ತಾಗದ ಹಾಗೆ ಟಾಪನ್ನು ಎಡಗಡೆ ತುಸು ಏರಿಸಿ ಕತ್ತರಿಸಲಾಗಿತ್ತು. ಕಂದು ನೈಲಾನ್. ನನ್ನದೇ ಹೊಲಿಗೆ.

ನಮ್ಮ ಬ್ಯಾಂಕಿನವರು ಸುಮ್ಮನಿರುವ ಪೈಕಿ ಅಲ್ಲ. "ಯಾವ ಪುಣ್ಯಾತ್ಮ ಇದನ್ನ ಹೊಲಿದದ್ದು? ನೀರಿಗೆ ಹಾಕೋ ಬಟ್ಟೆಗೆ ಯಾರಾದ್ರೂ ಕಾಟನ್ ಲೈನಿಂಗ್ ಕೊಡ್ತಾರೇನ್ರೀ? ಇವರನ್ನ ನೋಡಿ," ಎಂದು ನನ್ನ ಭುಜ ಹಿಡಿದು ಮುಂದಕ್ಕೆ ತಂದರು. "ನಮ್ಮ ಟೈಲರ್. ನಮ್ಮೆಲ್ಲರದ್ದೂ ಇವರ ಕೈಯಲ್ಲೇ. ಒಂದು ಕಡೆ ತಪ್ಪಿದ್ರೆ ಕೇಳಿ."

ಆಕೆ ನನ್ನನ್ನು ನೋಡಿದಳು. ಹನ್ನೊಂದು ನೀಲಿ ಬಟ್ಟೆಗಳನ್ನೂ ಒಂದು ಸಲ ನೋಡಿದಳು. "ಮನೆ ಹತ್ರ ಯಾರೋ ಹೊಲಿದ್ರು ಅಕ್ಕಾ. ಪಾಪ, ಅವ್ರಿಗೂ ಗೊತ್ತಿರಲಿಲ್ಲ," ಎಂದಳು.

ಸದ್ಯ, ಗುರುತು ಸಿಕ್ಕಿಲ್ಲ ಎಂದುಕೊಂಡೆ. ಸುಳ್ಳು ಹೇಳಲಾರೆ, ಮೊದಲು ಬಂದ ಯೋಚನೆ ಅದೇ. ಪಶ್ಚಾತ್ತಾಪ ಆಮೇಲೆ ಬಂತು.

"ಬನ್ನಿ ನನ್ನ ಜೊತೆ," ಎಂದೆ. ಕೊಂಚ ಜೋರಾಗಿಯೇ ಅಂದಿರಬೇಕು, ಆಕೆ ಹೆದರಿದಳು. "ಲೈನಿಂಗ್ ಬಿಚ್ಚಿ ಕೊಡ್ತೀನಿ. ದಟ್ಟ ಬಣ್ಣ, ಮಂದ ಬಟ್ಟೆ, ಒದ್ದೆಯಾದರೂ ಏನೂ ಕಾಣಲ್ಲ. ಐದು ಗಂಟೆಯೊಳಗೆ ಆಗುತ್ತೆ."

"ಬೇಡ ಅಕ್ಕಾ, ನಿಮ್ಮ ಆಟ ಹಾಳಾಗುತ್ತೆ."

"ನನ್ನ ಆಟ ನಾನು ನೋಡ್ಕೋತೀನಿ, ಬನ್ನಿ!"

ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಆಕೆ ಬುರ್ಖಾ ಸುತ್ತಿಕೊಂಡು ಬೆಂಚಿನ ಮೇಲೆ ಕೂತಳು, ನಾನು ಟಾಪನ್ನು ಒಳಮೈ ಮೇಲೆ ಬರುವಂತೆ ಮಗುಚಿದೆ. ಕತ್ತರಿ ಗೇಟಿನಲ್ಲಿ. ಹಲ್ಲಲ್ಲಿ ಕಡಿಯೋಣ ಎಂದರೆ ಅದು ನನ್ನ ಕೈಯದ್ದು, ಒಂದಿಂಚಿಗೆ ಹದಿನಾಲ್ಕು ಹೊಲಿಗೆ. ಬಿಚ್ಚಿಹೋಗಬಾರದು ಎಂದೇ ಹಾಕಿದ್ದು. ಯಾಕಾದರೂ ಇಷ್ಟು ಗಟ್ಟಿ ಹೊಲಿದೆನೋ ಎಂದು ನನ್ನನ್ನು ನಾನೇ ಬೈದುಕೊಂಡೆ. ಎದುರು ಬೆಂಚಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಒಬ್ಬಳು ಕಾಲೇಜು ಹುಡುಗಿ, "ಆಂಟಿ, ನೈಲ್ ಕಟರ್ ಆಗುತ್ತಾ?" ಎಂದು ಬ್ಯಾಗು ತಡಕಿ ಕೊಟ್ಟಳು. ಕೊಟ್ಟು ಸುಮ್ಮನೆ ಹೋಗಲಿಲ್ಲ, ಪಕ್ಕದಲ್ಲಿ ಮಂಡಿಯೂರಿ ಕೂತು ಬಟ್ಟೆಯನ್ನು ಬಿಗಿಯಾಗಿ ಹಿಡಿದಳು. ಹೊರಗೆ ಅವಳ ಗೆಳತಿಯರು ಹೆಸರು ಹಿಡಿದು ಕೂಗುತ್ತಿದ್ದರು. "ಬರ್ತೀನ್ ಇರ್ರೇ!" ಎಂದು ಗದರಿ ಇಲ್ಲೇ ಉಳಿದಳು.

ಕಾಟನ್‌ನಲ್ಲಿ ಒಂದು ಗುಣವಿದೆ. ಅಂಚಿನಲ್ಲಿ ಒಂದು ಕಚ್ಚು ಕೊಟ್ಟು ಎಳೆದರೆ ನೂಲಿನ ದಾರಿಯಲ್ಲೇ ನೇರ ಹರಿಯುತ್ತದೆ. ಪ್ಯಾಂಟಿನ ಲೈನಿಂಗ್ ಹಾಗೆ ಎರಡೇ ಎಳೆತಕ್ಕೆ ಬಂತು. ಟಾಪಿನದ್ದು ಕಷ್ಟ. ಕುತ್ತಿಗೆಯ ಸುತ್ತ ಒಳಗೆ ಸೇರಿಸಿ ಹೊಲಿದಿದ್ದೆ. ಅಲ್ಲಿ ಒಂದೊಂದೇ ಹೊಲಿಗೆಯನ್ನು ನೈಲ್ ಕಟರಿನಿಂದ ಕಡಿದು, ಆಕೆಯ ಸ್ಕಾರ್ಫಿನ ಪಿನ್ನಿನಿಂದ ದಾರ ಎಬ್ಬಿಸಬೇಕು. ಕೈ ಬೆವರಿ ಜಾರುತ್ತಿತ್ತು. ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು.

"ಆಂಟಿ, ಎಲ್ಲೆಲ್ಲಿ ಹೊಲಿಗೆ ಇದೆ ಅಂತ ನೋಡ್ದೇನೇ ಗೊತ್ತಾಗುತ್ತಲ್ಲ ನಿಮ್ಗೆ! ಸೂಪರ್!" ಎಂದಳು ಹುಡುಗಿ.

ನಾನು ತಲೆ ಎತ್ತಲಿಲ್ಲ. ಎಲ್ಲ ಟೈಲರುಗಳೂ ಹೊಲಿಯೋದು ಒಂದೇ ಥರ ಎಂದೇನೋ ಹೇಳಿದೆ. ಬೆಂಚಿನ ಮೇಲಿದ್ದಾಕೆ ಮಗಳ ಒದ್ದೆ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಹೇಳಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಬ್ಯಾಂಕಿನವರು ಬಾಗಿಲಲ್ಲಿ ನಿಂತು "ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು, ಹಿಂದೆ ಇನ್ನೂ ನಾಲ್ಕು ಜನ. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ದಾರ ಕಿತ್ತೆ.

ಐದಕ್ಕೆ ಆರು ನಿಮಿಷವಿದ್ದಾಗ ಕೊಳದ ಬಳಿ ಓಡಿದೆವು. ಕಾವಲಿನವಳು ಅಂಚು ತಿರುಗಿಸಿದಳು, ಬರೀ ನೈಲಾನ್. ಕಂಕುಳ ಹತ್ತಿರ ಮುಟ್ಟಿದಳು. ಅಲ್ಲಿ ಹೊಲಿಗೆಯ ಒಳಗೆ ಸಿಕ್ಕಿಕೊಂಡ ಬೆರಳಗಲದ ಬಿಳಿ ಪಟ್ಟಿ ಉಳಿದುಬಿಟ್ಟಿತ್ತು. ಅದು ಅವಳಿಗೆ ಸಿಕ್ಕಿತೆಂದು ನನಗೆ ಗೊತ್ತಾಯಿತು. ಅವಳು ಗಡಿಯಾರದ ಕಡೆ ನೋಡಿದಳು, ಆಮೇಲೆ ಆಕೆಯ ಮುಖ ನೋಡಿದಳು. "ಓಗಿ, ಓಗಿ, ಬೇಗ ಓಗಿ," ಎಂದು ಬೆನ್ನು ತಟ್ಟಿ ಒಳಗೆ ತಳ್ಳಿದಳು.

ಸೈರನ್ ಕೂಗಿದಾಗ ಆಕೆ ಸೊಂಟದವರೆಗಿನ ನೀರಲ್ಲಿ ಮಗಳ ಕೈ ಹಿಡಿದು ನಿಂತಿದ್ದಳು. ಅಲೆ ಬಂತು. ಸುತ್ತಲಿದ್ದವರೆಲ್ಲ ಕಿರುಚಿಕೊಂಡರು, ನಮ್ಮ ಬ್ಯಾಂಕಿನವರಂತೂ ಎಲ್ಲರಿಗಿಂತ ಜೋರು. ಆಕೆ ಕಿರುಚಲಿಲ್ಲ. ಮೊದಲ ಅಲೆಗೆ ಹಿಂದಕ್ಕೆ ಬಿದ್ದು, ಮೂಗಿಗೆ ನೀರು ಹೋಗಿ ಕೆಮ್ಮಿ, ಎದ್ದು, ಎರಡು ಹೆಜ್ಜೆ ಮುಂದೆ ಹೋಗಿ ನಿಂತಳು. ಮುಂದಿನದ್ದಕ್ಕೆ ಇನ್ನೂ ಎರಡು ಹೆಜ್ಜೆ. ಮಗಳು "ಸಾಕು ಅಮ್ಮಿ, ಸಾಕು" ಎಂದು ಹಿಂದಕ್ಕೆ ಎಳೆಯುತ್ತಿದ್ದಳು. ಹತ್ತು ನಿಮಿಷವೂ ಆಕೆ ದಡದ ಕಡೆ ತಿರುಗಿ ನೋಡಲಿಲ್ಲ. ನನಗೆ ಸಂತೋಷವಾಯಿತು. ಭುಜ ಎರಡೂ ಸಮನಾಗಿ ಕೂತಿತ್ತು ಎಂದು ಅದರ ನಡುವೆಯೂ ಗಮನಿಸಿದೆ. ಕಸುಬಿನವರ ಚಾಳಿ.

ವಾಪಸು ಹೊರಡುವಾಗ ಪಾರ್ಕಿಂಗಿನಲ್ಲಿ ನನ್ನ ಕೈಚಳಕದ ಗುಣಗಾನ ನಡೆದಿತ್ತು. ಕತ್ತರಿಯಿಲ್ಲದೆಯೇ ಹೇಗೆ ಬಿಚ್ಚಿದೆ, ಗುರುತು ಪರಿಚಯ ಇಲ್ಲದವಳಿಗಾಗಿ ಹೇಗೆ ಬೆವರು ಸುರಿಸಿದೆ ಎಂದು ಬ್ಯಾಂಕಿನವರು, ಆಗ ಅಲ್ಲಿರದಿದ್ದ ನಮ್ಮವರಿಗೆಲ್ಲ ವಿವರಿಸುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಅಷ್ಟರಲ್ಲಿ ಆಕೆ ಬಂದಳು. ಮಗಳನ್ನು ದೂರದಲ್ಲಿ ನಿಲ್ಲಿಸಿ, ನನ್ನೊಬ್ಬಳನ್ನೇ ಕೈಸನ್ನೆಯಿಂದ ಪಕ್ಕಕ್ಕೆ ಕರೆದಳು.

"ತುಂಬಾ ಉಪಕಾರ ಆಯ್ತು ಅಕ್ಕಾ. ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಮಗಳಿಗೂ ಒಂದು ಜೊತೆ ಹೊಲಿಸಬೇಕು. ಮುಂದಿನ ವಾರ ಅಂಗಡಿಗೆ ಬರ್ತೀನಿ. ಲೈನಿಂಗ್ ಮಾತ್ರ ಬೇಡ."

ಅಂಗಡಿಗೆ ಎಂದಳಲ್ಲ ಎಂದು ಆಕೆಯ ಮುಖ ನೋಡಿದೆ. "ಗುರುತು ಸಿಕ್ಕಿತ್ತಾ?"

"ಮೊದಲೇ ಸಿಕ್ತು. ನಿಮ್ಮ ಗಿರಾಕಿಗಳೆಲ್ಲ ಅಲ್ಲೇ ಇದ್ರಲ್ಲ ಅಕ್ಕಾ," ಎಂದಳು. ಇದರಲ್ಲಿ ಇನ್ನೇನು ಹೇಳುವುದಿದೆ ಎಂಬ ಹಾಗೆ ಹೇಳಿ, ಮಗಳ ಕೈ ಹಿಡಿದುಕೊಂಡು ಅವರ ಕಾರಿನ ಕಡೆ ಹೋದಳು.

ನಾನು ಟೆಂಪೋ ಹತ್ತಿರ ಬಂದೆ. "ಏನಂತೆ? ಥ್ಯಾಂಕ್ಸ್ ಹೇಳೋಕೆ ಬಂದಿದ್ರಾ?" ಎಂದರು ಬ್ಯಾಂಕಿನವರು. "ಯಾರೋ ತಲೆಯಿಲ್ಲದೋರು ಹೊಲಿದಿದ್ದಕ್ಕೆ ನೀವು ಕಷ್ಟ ಪಟ್ರಿ, ನೋಡಿ."

"ಆ ತಲೆಯಿಲ್ಲದೋಳು ನಾನೇ ಕಣ್ರೀ," ಎಂದೆ. "ಅದನ್ನ ಹೊಲಿದಿದ್ದು ನಾನು. ಕಾಟನ್ ಬಿಡಲ್ಲ ಅಂತ ಆಮೇಲೆ ಗೊತ್ತಾದರೂ ಒಂದು ಫೋನ್ ಮಾಡ್ಲಿಲ್ಲ. ಆಕೆಗೆ ನನ್ನ ಗುರುತು ಆಗ್ಲೇ ಸಿಕ್ಕಿತ್ತು."

ಹತ್ತು ಜನರೂ ನನ್ನನ್ನೇ ನೋಡಿದರು. ಡ್ರೈವರು ಗಾಡಿ ಸ್ಟಾರ್ಟ್ ಮಾಡಿ ಕಾಯುತ್ತಿದ್ದ. ಬ್ಯಾಂಕಿನವರಿಗೆ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ, ಎಲ್ಲವನ್ನೂ ಕೊನೆಯ ಸಾಲಿನವರೆಗೆ ಓದುವವರು ಅವರು. "ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ ಆಕೆ? ನಾನು ಕೇಳಿದೆನಲ್ಲ, ಯಾರು ಹೊಲಿದಿದ್ದು ಅಂತ?"

ಅದನ್ನೂ ನನ್ನ ಬಾಯಿಂದಲೇ ಹೇಳಬೇಕಾಯಿತು.

"ನಿಮ್ಮೆಲ್ಲರ ಮುಂದೆ ನನ್ನ ಮರ್ಯಾದೆ ಹೋಗಬಾರದು ಅಂತ," ಎಂದೆ.