ಎರಡು ದೇಶಗಳ ನಡುವಿನ ತೊಂಬತ್ತು ಕಿಲೋ

ಹೊಳೆಯ ಈಚೆ ದಂಡೆಯ ವೇಬ್ರಿಜ್ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ಲಾರಿ ತೂಗಿದ ಮನುಷ್ಯನನ್ನು ಎಲ್ಲರೂ ತೂಕದಣ್ಣ ಎನ್ನುತ್ತಿದ್ದರು. ಲಾರಿ ಕಬ್ಬಿಣದ ಹಲಗೆ ಹತ್ತಿತೆಂದರೆ ಆತ ಕನ್ನಡಕ ಹಣೆಗೇರಿಸಿ, ಕೆಂಪು ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದ. ತಾನು ಉಸಿರು ಬಿಟ್ಟರೆ ಹದಿನೆಂಟು ಟನ್ ಅಲ್ಲಾಡಿಬಿಟ್ಟೀತೆಂಬ ಭಯ.

ಸೇತುವೆ ದಾಟಿದರೆ ನೆರೆಯ ದೇಶ. ಅಲ್ಲೂ ಇಂಥದೇ ಕೋಣೆ, ಇಂಥದೇ ಯಂತ್ರ, ಇಂಥದೇ ಒಬ್ಬ ನೌಕರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ದಿನಾ ಫೋನಿನಲ್ಲಿ ತೂಕ ತಾಳೆ ನೋಡುತ್ತಾ ‘ಭಾವ’ ಎಂದು ಕರೆಯುವಷ್ಟು ಸಲುಗೆ ಬೆಳೆದಿತ್ತು. ತೊಂದರೆಯೆಂದರೆ, ತೂಕ ಎಂದೂ ತಾಳೆಯಾಗುತ್ತಿರಲಿಲ್ಲ. ಈಚೆಯದು ಯಾವಾಗಲೂ ಅರವತ್ತೋ ಎಂಬತ್ತೋ ಕಿಲೋ ಜಾಸ್ತಿ. ಅಂಥ ಲಾರಿ ಎರಡೂ ಕಡೆಯ ಸಾಹೇಬರ ರುಜು ಬೀಳುವವರೆಗೆ ಅರ್ಧ ದಿನ ನಿಂತಲ್ಲೇ ನಿಲ್ಲಬೇಕು.

ಪ್ರಾದೇಶಿಕ ಸಹಕಾರದ ಜಂಟಿ ಸಮಿತಿ ಒಂಬತ್ತು ವರ್ಷ ಈ ಬಗ್ಗೆ ತಲೆ ಕೆಡಿಸಿಕೊಂಡಿತು. ಮೊದಲ ವರದಿ ಹೊಳೆಯ ಗಾಳಿಯನ್ನು ಅನುಮಾನಿಸಿತು, ಎರಡನೆಯದು ತೇವಾಂಶವನ್ನು. ಮೂರನೆಯದು ನೇರವಾಗಿ ತೂಕದಣ್ಣನ ಯಂತ್ರದ ಮೇಲೆ ಬೆರಳಿಟ್ಟಿತು. ಸಮಿತಿಯ ಎದುರಿನ ಪರೀಕ್ಷೆಯಲ್ಲೂ ಹೆಚ್ಚು ತೋರಿಸಿದರೆ ಅದಕ್ಕೆ ಬೀಗಮುದ್ರೆ; ಮುಂದೆ ಆಚೆಯ ತೂಕವೇ ಅಂತಿಮ.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಊಟದ ಡಬ್ಬಿ ಕೈಗಿಡುತ್ತಾ, “ನನ್ನ ಮೈ ಜಾಸ್ತಿಯಾಯ್ತು ಅಂತ ಆಡ್ಕೋತಿದ್ರಲ್ಲ, ಈಗ ಗೊತ್ತಾಯ್ತಾ? ನಿಮ್ಮ ಯಂತ್ರಾನೇ ಸರಿಯಿಲ್ಲ,” ಎಂದಳು.

“ನಿನ್ನನ್ನ ಯಾವತ್ತು ಅದರ ಮೇಲೆ ನಿಲ್ಲಿಸಿದೀನೇ?”

“ಇಲ್ಲ ಬಿಡಿ, ಅಂದಾಜಲ್ಲೇ ಹೇಳ್ತಿದ್ರಿ.” ಅವನ ಮುಖ ನೋಡಿ ದನಿ ತಗ್ಗಿಸಿದಳು. “ಹೋಗಿ ಬನ್ನಿ. ಯಂತ್ರ ಸುಳ್ಳು ಹೇಳಿದ್ರೂ ನೀವು ಹೇಳೋರಲ್ಲ. ಅದು ನಂಗೊತ್ತು.”

ಸಮಿತಿಯ ಅಧ್ಯಕ್ಷರು ‘ಅಡೆತಡೆಯಿಲ್ಲದ ಸಂಚಾರ’ದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟೂ ಹೊತ್ತು ಹದಿನಾಲ್ಕು ಲಾರಿಗಳು ಎಂಜಿನ್ ಆರಿಸಿಕೊಂಡು ಕೇಳಿಸಿಕೊಂಡವು. ಆಮೇಲೆ ದಢೂತಿ ಡ್ರೈವರೊಬ್ಬನ ಸಿಮೆಂಟ್ ಲಾರಿ ಹಲಗೆ ಹತ್ತಿತು: ಹದಿನೆಂಟು ಸಾವಿರದ ತೊಂಬತ್ತು ಕಿಲೋ. ಸಮಿತಿ ಕಾರುಗಳಲ್ಲಿ ಆಚೆ ಹೊರಟಿತು. ಲಾರಿಯ ಹಿಂದೆ ನಡೆದುಕೊಂಡೇ ತೂಕದಣ್ಣ ಜೀವನದಲ್ಲಿ ಮೊದಲ ಸಲ ಸೇತುವೆ ದಾಟಿದ.

ಅಲ್ಲಿ ಲಾರಿ ಹಲಗೆ ಏರಿತು. ಡ್ರೈವರ್ ಬಾಗಿಲು ತೆಗೆದು ಕೆಳಗಿಳಿದು, ಪಕ್ಕಕ್ಕೆ ಹೋಗಿ ಮೈಮುರಿದ. ಅಂಕಿ ನಿಂತಿತು: ಹದಿನೆಂಟು ಸಾವಿರ.

“ಯಾಕಪ್ಪಾ ಇಳಿದೆ?” ತೂಕದಣ್ಣ ಮೆಲ್ಲಗೆ ಕೇಳಿದ.

“ಇಲ್ಲಿ ಇಳೀಲೇಬೇಕು ಅಣ್ಣಾ, ರೂಲ್ಸು. ನಿಮ್ಮ ಕಡೆ ಇಳಿದ್ರೆ ನೀವು ಬೈತೀರಲ್ಲ.”

ಬೈಯುತ್ತಿದ್ದುದು ನಿಜ. ಇಳಿದ ಡ್ರೈವರ್‌ಗಳು ಚಹಾದಂಗಡಿ ಸೇರಿ ಹಲಗೆ ಖಾಲಿ ಮಾಡದೆ ಸತಾಯಿಸುತ್ತಾರೆಂದು ಕೆಲಸಕ್ಕೆ ಸೇರಿದ ವರ್ಷವೇ ‘ಕೆಳಗಿಳಿಯಕೂಡದು’ ಎಂಬ ಬೋರ್ಡು ಬರೆಸಿದ್ದವನು ಅವನೇ. ಡ್ರೈವರ್‌ಗಳಿಗೆ ಎರಡೂ ಪದ್ಧತಿ ಗೊತ್ತಿತ್ತು. ಆದರೆ ಸಮಿತಿಯಲ್ಲಿ ಡ್ರೈವರ್‌ಗಳಿರಲಿಲ್ಲ.

ತೂಕದಣ್ಣ ಅಧ್ಯಕ್ಷರ ಬಳಿ ಹೋಗಿ ಡ್ರೈವರ್ ಕಡೆ ಕೈ ತೋರಿಸಿದ. “ಸಾರ್, ನೀವು ಒಂಬತ್ತು ವರ್ಷ ಹುಡುಕಿದ ವ್ಯತ್ಯಾಸ ಅಲ್ಲಿ ನಿಂತಿದೆ.”

ಡ್ರೈವರ್ ಗಾಬರಿಯಾಗಿ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಅವನನ್ನು ಹತ್ತಿಸಿ ತೂಗಿದರು. ಹದಿನೆಂಟು ಸಾವಿರದ ತೊಂಬತ್ತು. ಆಚೆಯ ಭಾವ ಕಿಟಕಿಯಿಂದ ಕೈ ಚಾಚಿ ತೂಕದಣ್ಣನ ಭುಜ ತಟ್ಟಿದ.

ಅಧ್ಯಕ್ಷರಿಗೆ ಮಾತ್ರ ಇಷ್ಟು ಸುಲಭದ ಉತ್ತರ ಹಿಡಿಸಲಿಲ್ಲ. “ಯಂತ್ರಗಳು ಸರಿ ಇವೆ, ಒಪ್ಪೋಣ. ಆದರೆ ಡ್ರೈವರ್ ಇಳೀಬೇಕೋ ಕೂರಬೇಕೋ ಅನ್ನೋದು ಎರಡು ಸರ್ಕಾರಗಳ ನೀತಿಯ ಪ್ರಶ್ನೆ. ಒಂದು ಉಪಸಮಿತಿ ಮಾಡೋಣ.” ಅದರ ತೀರ್ಮಾನ ಬರುವವರೆಗೆ ಎರಡೂ ಕೋಣೆ ನಡೆಯಬೇಕು, ಈಚೆ ಡ್ರೈವರ್‌ನ ತೂಕ ಬೇರೆಯಾಗಿ ಬರೆಯಬೇಕು.

ಮರುವಾರ ತೂಕದಣ್ಣನ ಬಾಗಿಲಲ್ಲಿ, ಆಸ್ಪತ್ರೆಗಳಲ್ಲಿರುವಂಥ ಒಂದು ಪುಟ್ಟ ತೂಕದ ಯಂತ್ರ ಬಂದು ಕೂತಿತು. ಮೊದಲ ಲಾರಿ ಸೇತುವೆ ದಾಟಿದ ಮೇಲೆ ಆತ ಫೋನ್ ಎತ್ತಿ, “ಹದಿನಾರು ಸಾವಿರದ ಎಪ್ಪತ್ತು ಭಾವ, ಅದರಲ್ಲಿ ಡ್ರೈವರ್ ಎಪ್ಪತ್ತು,” ಎಂದ.

“ಇಲ್ಲಿ ಹದಿನಾರು ಸಾವಿರ. ತಾಳೆ, ಭಾವ.”

ಫೋನ್ ಇಡುವಷ್ಟರಲ್ಲಿ ಆಚೆ ಲಾರಿ ಯಾರ ರುಜುವಿಗೂ ಕಾಯದೆ ಹೊರಟುಹೋಗಿತ್ತು.

ಆ ಸಂಜೆ ಆತ ಹೆಂಡತಿಗೆ, “ಒಂದು ದಿನ ಬಾರೇ, ನಿನ್ನ ತೂಕಾನೂ ಸರಿಯಾಗಿ ನೋಡೇಬಿಡೋಣ,” ಎಂದ.

“ಉಪಸಮಿತಿ ತೀರ್ಮಾನ ಬರ್ಲಿ,” ಎಂದಳು ಆಕೆ.