ಅವ್ವನ ಹಲ್ಲಿನ ಸೆಟ್ಟು ಮತ್ತು ಸಾಯದ ಬೂಸ್ಟು

ಈಚೆಗೊಂದು ಸೋಮವಾರ ಬೆಳಿಗ್ಗೆ ನಮ್ಮವ್ವನ ಹಲ್ಲಿನ ಸೆಟ್ಟು ನನ್ನ ಲ್ಯಾಬಿನ ಟೇಬಲ್ ಮೇಲಿತ್ತು. ಅವ್ವ ಮಾತ್ರ ಇಂಗಳೇಶ್ವರದ ಮನೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು.

ಸೆಟ್ಟು ತಂದವನು ನಮ್ಮಣ್ಣ. ಬೈಕಿನ ಮೇಲೆ ವಿಜಯಪುರದವರೆಗೆ ಬಂದಿದ್ದ. "ಸಂಜಿಕ ತಿರಗಿ ಒಯ್ಯಬೇಕವಾ. ಹಲ್ಲಿಲ್ಲದ ಯಾರಿಗೂ ಮಾರಿ ತೋರ್ಸೂದಿಲ್ಲ ಅಂತ ಕುಂತಾಳ," ಎಂದ. ನಗು ಬಂತು. ಅವನ ಮುಂದಿನ ಮಾತಿಗೆ ಹೋಯಿತು. "ರೊಟ್ಟಿ ಬಿಡು, ಅಂಬಲಿನೂ ಇಳಿಯಾಕತ್ತಿಲ್ಲ ಆಕಿಗೆ."

ಅವ್ವನಿಗೆ ಶುಗರ್ ಇದೆ. ಬಾಯಲ್ಲಿ ಬಿಳಿ ಪದರ ಬರುವುದು, ಗುಳಿಗೆ ನುಂಗಿದರೆ ಹೋಗುವುದು, ಮತ್ತೆ ಬರುವುದು ನಡೆದೇ ಇತ್ತು. ಕ್ಯಾಂಡಿಡಾ ಎಂಬ ಶಿಲೀಂಧ್ರ ಅದು (ಹಳಸಿದ ರೊಟ್ಟಿಯ ಬೂಸ್ಟಿನ ದೂರದ ನೆಂಟ ಎನ್ನಿ). ಈ ಸಲ ಗುಳಿಗೆಗೆ ಜಗ್ಗಲಿಲ್ಲ. ಗಂಟಲಿಗೂ ಇಳಿದಿರಬಹುದು ಎಂದರು ಡಾಕ್ಟರು. ತುತ್ತು ಬಿಟ್ಟ ಶುಗರ್ ಪೇಶಂಟು ಎಷ್ಟು ದಿನ ತಡೆದಾಳು?

ಶಿಲೀಂಧ್ರದ ಮೇಲೆ ಯಾವ ಮದ್ದು ನಡೆಯುತ್ತದೆ ಎಂದು ನೋಡುವುದೇ ನನ್ನ ಕೆಲಸ. ಇಂಡಿಯಿಂದ, ಮುದ್ದೇಬಿಹಾಳದಿಂದ ಬಂದ ಎಷ್ಟೋ ಸ್ಯಾಂಪಲ್ಲುಗಳನ್ನು ಆರಾಮಾಗಿ ಮುಟ್ಟಿದ್ದೇನೆ. ಅವ್ವನ ಸೆಟ್ಟಿಗೆ ಹತ್ತಿಯ ಕಡ್ಡಿ ಸವರುವ ಮೊದಲು ಎರಡು ಸಲ ಕೈಗವಸು ಬದಲಿಸಿದೆ. ಯಾಕೆ? ಉಳಿದವರೂ ಯಾರದೋ ಅವ್ವಂದಿರೇ ಅಲ್ಲವೇ?

ಸಂಜೆ ಸೆಟ್ಟು ಊರಿಗೆ ಹೋಯಿತು. ಶಿಲೀಂಧ್ರ ನನ್ನ ಬಳಿ ಉಳಿಯಿತು.

ಮೊದಲ ಟೆಸ್ಟಿನಲ್ಲಿ, ದ್ರಾವಣದಲ್ಲಿ ತೇಲುತ್ತಿದ್ದ ಶಿಲೀಂಧ್ರಕ್ಕೆ ಅವ್ವ ನುಂಗುವ ಮದ್ದನ್ನೇ ಹಾಕಿದೆ. ಸ್ವಲ್ಪಕ್ಕೇ ತೆಪ್ಪಗಾಯಿತು. ಹಾಗಾದರೆ ಬಾಯಲ್ಲೇಕೆ ಇಷ್ಟು ಹಟ?

ಎರಡನೆಯದು ನಾವು ಸಂಶೋಧನೆಗೆಂದು ಮಾಡುವ ಟೆಸ್ಟು. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಕುಳಿಗಳಲ್ಲಿ ಶಿಲೀಂಧ್ರ ಅಂಟಿಕೊಂಡು ಬೆಳೆಯಲು ಬಿಡುತ್ತೇವೆ. ಅದು ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಬಯೋಫಿಲ್ಮ್ ಎನ್ನುವುದು ಇದಕ್ಕೇ. ತಿಕ್ಕದೆ ಬಿಟ್ಟ ನೀರಿನ ಕೊಡದೊಳಗೆ ಕೈಯಾಡಿಸಿದ್ದೀರಾ? ಅದೇ ಜಾರಿಕೆ. ಕುಳಿಯಿಂದ ಕುಳಿಗೆ ಮದ್ದು ಹೆಚ್ಚಿಸುತ್ತಾ ಹೋಗಿ, ಕೊನೆಗೆ ಒಂದು ರಾಸಾಯನಿಕ ಹಾಕುತ್ತೇವೆ. ಒಳಗೆ ಜೀವ ಉಳಿದಿದ್ದರೆ ಕಿತ್ತಳೆ ಬಣ್ಣ ಬರುತ್ತದೆ.

ಮೊದಲ ಕುಳಿ ಕಿತ್ತಳೆಯಾಯಿತು. ಇರಲಿ. ನಡುವಿನವೂ ಆದವು. ನಾನು ಕೊನೆಯದನ್ನೇ ನೋಡುತ್ತಾ, ಬೇಡ, ನೀನಾದರೂ ಬೇಡ ಎನ್ನುತ್ತಿದ್ದೆ. ಅದೂ ಆಯಿತು. ಅಷ್ಟು ಮದ್ದನ್ನು ಮನುಷ್ಯರಿಗೆ ಕೊಡುವಂತೆಯೇ ಇಲ್ಲ. ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಅವ್ವನನ್ನು ಬಾಗೇವಾಡಿಗೆ ಒಯ್ದು ಸಲೈನ್ ಹಚ್ಚಿಸಿ ತಂದಿದ್ದರು. ಫೋನ್ ಮಾಡಿದೆ. "ಯವ್ವಾ, ರಾತ್ರಿ ಸೆಟ್ಟ ತಗದಿಡ್ತಿಯಿಲ್ಲೋ?"

"ಹೆಂಗ ತಗೀಲಿ? ಮೊಮ್ಮಗಳ ಕುಬಸದ ಮಾತಿಗಿ ಸಿಂದಗಿ ಬೀಗರು ಬರಾಕತ್ತಾರ, ಇಲ್ಲೇ ವಸ್ತಿ ಇರ್ತಾರ. ನಸುಕಿನ್ಯಾಗ ಎದುರಿಗಿ ಬಂದ್ರ ಬೋಳ ಬಾಯಿ ತೋರಸ್ಲೇನು?"

ಬಸುರಿ ಮೊಮ್ಮಗಳ ಸೀಮಂತದ ಮಾತುಕತೆಗಾಗಿ ಅಜ್ಜಿ ಹಗಲೂ ರಾತ್ರಿ ಹಲ್ಲು ಹಾಕಿಕೊಂಡೇ ಇದ್ದಾಳೆ! ಆ ಪ್ಲಾಸ್ಟಿಕ್ ಸೆಟ್ಟಿನ ಮೇಲೆ ಪದರ ಕಟ್ಟಲು ಶಿಲೀಂಧ್ರಕ್ಕೆ ಇನ್ನೇನು ಬೇಕು?

"ಗುಳಿಗಿನರೆ ಪೂರ್ತಿ ನುಂಗಿದ್ದಿಲ್ಲೋ?"

"ಬಾಯಿ ಹಸನಾದ ಮ್ಯಾಲ ಯಾಕ ನುಂಗೂದು? ಉಳದದ್ದು ಡಬ್ಬ್ಯಾಗ ಇಟ್ಟೇನಿ."

ಆ ಬಿಸ್ಕಿಟ್ ಡಬ್ಬಿ ನನಗೆ ಗೊತ್ತು. ಮಜ್ಜಿಗೆ, ಹೆಪ್ಪು, ಗುಳಿಗೆ ಕೇಳಿ ಬಂದವರಿಗೆ ಇಲ್ಲ ಎನ್ನುವ ರೂಢಿ ನಮ್ಮ ಓಣಿಯಲ್ಲಿಲ್ಲ. ಅರ್ಧಕ್ಕೆ ಬಿಟ್ಟ ಮದ್ದಿನಿಂದ ಬದುಕಿ ಉಳಿದ ಶಿಲೀಂಧ್ರ ಮದ್ದಿಗೇ ಪಳಗಿಬಿಟ್ಟರೆ ಎಂಬುದು ನನ್ನಂಥವರ ದಿನನಿತ್ಯದ ಭಯ. ಅವ್ವನಿಗೆ ಆ ಉಳಿದ ಗುಳಿಗೆಗಳು ದಾನಕ್ಕಿಟ್ಟವು.

ನನ್ನ ಟೆಸ್ಟಿನ ಫಲಿತಾಂಶ ಕೇಳಿ ಡಾಕ್ಟರು ಮದ್ದು ಬದಲಿಸಿದರು. ರಾತ್ರಿ ಸೆಟ್ಟು ತೆಗೆಯಲೇಬೇಕು, ತಿಕ್ಕಿ ತೊಳೆಯಬೇಕು ಎಂದರು. ಅವ್ವ ಮೊಂಡು ಹಿಡಿದಳು. ನನ್ನ ತಾಳ್ಮೆ ಕೆಟ್ಟಿತು.

"ಬೀಗರಿಗೆ ಬೋಳ ಬಾಯಿ ತೋರಸ್ತಿಯೋ, ನಮಗ ಹೆಣ ತೋರಸ್ತಿಯೋ?"

ಆ ಕಡೆ ಸಣ್ಣ ದನಿ. "ಬಿಡ್ತು ಅನ್ನ ಮದಲ."

ಬಿಡ್ತು ಅಂದೆ. ಅಂದು ರಾತ್ರಿಯಿಂದ ಸೆಟ್ಟು ಬಟ್ಟಲಿಗೆ ಇಳಿಯಿತು.

ನಿನ್ನೆ ಅವಳೇ ಫೋನ್ ಮಾಡಿದಳು. "ರೊಟ್ಟಿ ಹಾಲಾಗ ನೆನಸ್ಕೊಂಡು ಉಂಡೆ ನೋಡವಾ. ಇಳೀತು." ಲ್ಯಾಬಿನಲ್ಲೇ ಅತ್ತುಬಿಟ್ಟೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ. "ಹಾಂ, ಆ ಹಳಿ ಗುಳಿಗಿ ಮಗ್ಗಲ ಮನಿ ಹುಸೇನಬಿಗೆ ಕೊಟ್ಟೆ. ಆಕಿ ಬಾಯಾಗೂ ಹುಣ್ಣಾಗ್ಯಾವು, ಪಾಪ. ಚೆಲ್ಲೂದ್ಯಾಕ?"

ಹುಸೇನಬಿಯ ಮನೆಗೆ ಅಣ್ಣನನ್ನು ಓಡಿಸಿದೆ. ಆದರೆ ಹೊಸ ಗುಳಿಗೆಗಳಲ್ಲಿ ಅವ್ವ ಎಷ್ಟನ್ನು ಡಬ್ಬಿಗೆ ಹಾಕಿದ್ದಾಳೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.