ಎರಡು ಬೆರಳಿನ ಪಿಟೀಲು

ತೊಂಬತ್ತಮೂರರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ಅಪರೂಪಕ್ಕೆ ಭಾರಿ ಹಿಮ ಸುರಿಯಿತು. ಆ ದಿನ ಪೇಪರ್ ತರಲು ಮೆಟ್ಟಿಲಿಳಿದ ಎತೆಲ್ಕಾ ಹರ್ಮತಿ ಜಾರಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಉಂಗುರದ ಬೆರಳು, ಕಿರುಬೆರಳು ಎರಡೂ ಸೆಟೆದು ನಿಂತವು, ಬಗ್ಗಲಿಲ್ಲ. ಪಿಟೀಲಿನ ತಂತಿ ಒತ್ತುವುದು ಎಡಗೈಯೇ. ಮೂವತ್ತೊಂದು ವರ್ಷ ಒಂದೇ ಆರ್ಕೆಸ್ಟ್ರಾದಲ್ಲಿ ನುಡಿಸಿದ್ದವಳು ಐವತ್ತೆಂಟನೆಯ ವಯಸ್ಸಿಗೆ ಮನೆಯಲ್ಲಿ ಕೂತಳು.

ಹಂಗೇರಿಯ ಸೆಗೆದ್ ಅವಳ ಊರು. ಅಪ್ಪ ಟ್ರಾಮ್ ಕಂಡಕ್ಟರ್. ಬುಡಾಪೆಸ್ಟ್‌ನಲ್ಲಿ ಸಂಗೀತ ಕಲಿಯುತ್ತಿದ್ದಾಗ, ಸಾವಿರದ ಒಂಬೈನೂರ ಐವತ್ತಾರರಲ್ಲಿ, ರಷ್ಯದ ಟ್ಯಾಂಕುಗಳು ಬೀದಿಗೆ ಬಂದವು. ನವೆಂಬರ್ ಚಳಿಯಲ್ಲಿ ಕೆಸರು ತುಳಿದು ಗಡಿ ದಾಟಿ ಆಸ್ಟ್ರಿಯಾ ಸೇರಿದಾಗ ಕಾಲಲ್ಲಿ ಒಂದೇ ಬೂಟಿತ್ತು. ಪಿಟೀಲು ಮಾತ್ರ ಒದ್ದೆಯಾಗಿರಲಿಲ್ಲ. ಅಮೆರಿಕಕ್ಕೆ ಬಂದು ನ್ಯೂಜೆರ್ಸಿಯ ಕೋಟಿನ ಕಾರ್ಖಾನೆಯಲ್ಲಿ ಐದು ವರ್ಷ ಗುಂಡಿ ಹೊಲಿದಳು. ಆಮೇಲೆ ಅಟ್ಲಾಂಟಾ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಸಂಜೆಯೆಲ್ಲ ಕಛೇರಿ ಇರ್ತಿತ್ತು" ಅನ್ನುತ್ತಿದ್ದಳು.

ಬಿದ್ದ ಮೇಲೆ ಎರಡು ವರ್ಷ ಅವಳು ಪಿಟೀಲಿನ ಪೆಟ್ಟಿಗೆ ತೆಗೆಯಲಿಲ್ಲ. ರೇಡಿಯೋದಲ್ಲಿ ಸಂಗೀತ ಬಂದರೆ ಆರಿಸಿಬಿಡುತ್ತಿದ್ದಳು.

ತೊಂಬತ್ತೈದರ ಬೇಸಿಗೆಯಲ್ಲಿ, ಅಟ್ಲಾಂಟಾದ ಅಂಚಿನ ನಾರ್‌ಕ್ರಾಸ್‌ನಲ್ಲಿ ಅವಳ ಪಕ್ಕದ ಮನೆಗೆ ಧಾರವಾಡದ ಕಡೆಯ ಎಂಜಿನಿಯರ್ ಶಿವಶರಣಪ್ಪನ ಸಂಸಾರ ಬಂತು. ಮರುವಾರವೇ ಆ ಮನೆಯಿಂದ ಪಿಟೀಲು ಕೇಳಿಸತೊಡಗಿತು. ಸ್ವರಗಳು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಒಂದರಿಂದ ಒಂದಕ್ಕೆ ಜಾರುತ್ತಿದ್ದವು. ಚಿಕ್ಕಂದಿನಲ್ಲಿ ಹೀಗೆ ಜಾರಿಸಿದ್ದಕ್ಕೆ ಎತೆಲ್ಕಾ ಮೇಷ್ಟರ ಕೈಲಿ ಗೆಣ್ಣಿಗೆ ಏಟು ತಿಂದಿದ್ದಳು. ಮೂರು ದಿನ ಹಲ್ಲು ಕಚ್ಚಿಕೊಂಡಿದ್ದು, ನಾಲ್ಕನೆಯ ದಿನ ಹೋಗಿ ಬಾಗಿಲು ಬಡಿದಳು.

ನುಡಿಸುತ್ತಿದ್ದವಳು ಶಿವಶರಣಪ್ಪನ ಹೆಂಡತಿ ರೇಣುಕಾದೇವಿ. "ಸೌಮ್ಯಾ, ಆಂಟಿಗೆ ಕೂಡ್ಲಿಕ್ಕೆ ಖುರ್ಚಿ ತಾ" ಎಂದು ಮಗಳಿಗೆ ಹೇಳಿ, ತಾನು ಕಾರ್ಪೆಟ್ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ಮುಂದುವರಿಸಿದಳು. ಜಗಳಕ್ಕೆಂದು ಬಂದ ಎತೆಲ್ಕಾಳ ಕಣ್ಣು ಅವಳ ಎಡಗೈ ಮೇಲೆಯೇ ನೆಟ್ಟಿತು. ತೋರುಬೆರಳು ಮತ್ತು ನಡುಬೆರಳು ಮಾತ್ರ ತಂತಿಯ ಉದ್ದಕ್ಕೂ ಓಡಾಡುತ್ತಿದ್ದವು.

"ಉಳಿದ ಎರಡು ಬೆರಳು ಯಾಕೆ ಸುಮ್ಮನಿವೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅವು ಬೇಕಾಗೋದು ಕಡಿಮೆ, ಆಂಟಿ. ನಾವು ನುಡಿಸೋದು ಹಾಡಿದ ಹಾಗೆ. ಹಾಡೋವಾಗ ದನಿ ಜಾರ್ತಾನೇ ಹೋಗ್ತದಲ್ಲ."

ಎತೆಲ್ಕಾ ತನ್ನ ಎಡಗೈ ಮುಂದೆ ಚಾಚಿದಳು. ರೇಣುಕಾದೇವಿ ಸೆಟೆದ ಬೆರಳುಗಳನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ತೋರುಬೆರಳು, ನಡುಬೆರಳು ಹಿಡಿದು, "ಈ ಎರಡು ಚೆನ್ನಾಗಿವೆಯಲ್ಲ" ಎಂದಳು.

ಮಂಗಳವಾರ, ಗುರುವಾರ ಬೆಳಿಗ್ಗೆ ಪಾಠ ಶುರುವಾಯಿತು. ನೆಲಕ್ಕೆ ಕೂರಲು ಎತೆಲ್ಕಾಳ ಮೊಣಕಾಲು ಒಪ್ಪಲಿಲ್ಲ. ಸೋಫಾದ ಮೇಲೆ ದಿಂಬು ಒಟ್ಟಿ ಕಾಲು ಮಡಿಸಿದಳು. ಬೆರಳು ಪ್ರತಿ ಸಲವೂ ಸ್ವರ ದಾಟಿ ಮುಂದೆ ಹೋಗುತ್ತಿತ್ತು. ಆರನೆಯ ವಾರ ಬಿಲ್ಲು ಬಿಸಾಡಿ, "ನಾನು ಕಲಿತಿದ್ದನ್ನೆಲ್ಲ ಇದು ಹಾಳು ಮಾಡ್ತಿದೆ" ಎಂದು ಎದ್ದು ಹೋದಳು. ತಿಂಗಳು ಕಳೆದರೂ ಬರಲಿಲ್ಲ.

ಕೊನೆಗೆ ರೇಣುಕಾದೇವಿಯೇ ಒಂದು ಖಾಲಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಸಮಾಧಾನ ಹೇಳಲಿಲ್ಲ. "ಆಂಟಿ, ನಿಮ್ಮ ಹಾಗೆ ಐದು ಗೆರೆಯ ಮೇಲೆ ಸ್ವರ ಬರೆಯೋದು ನನಗೆ ಕಲಿಸಿ. ನಮ್ಮ ಗುರುಗಳು ಹೇಳಿಕೊಟ್ಟಿದ್ದೆಲ್ಲ ನನ್ನ ತಲೆಯಲ್ಲೇ ಇದೆ. ಇಲ್ಲಿ ಕೇಳೋರಿಲ್ಲ, ಮರೆತುಹೋಗ್ತಿದೆ. ಬರೆದಿಡಬೇಕು."

ಎತೆಲ್ಕಾ ಮೇಜಿನ ಮೇಲಿನ ಸಾಮಾನು ಸರಿಸಿ, ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆದಳು. ಅಂದಿನಿಂದ ಒಬ್ಬಳಿಗೆ ಒಬ್ಬಳು ಗುರು. ಎತೆಲ್ಕಾಳ ಕೈಗೆ ತಾಳ್ಮೆ ಬರಲು ಒಂದೂವರೆ ವರ್ಷ ಹಿಡಿಯಿತು.

ತೊಂಬತ್ತೇಳರ ಏಪ್ರಿಲ್‌ನಲ್ಲಿ ಹತ್ತಿರದ ಡುಲುತ್‌ನ ಒಂದು ಚರ್ಚಿನ ಹಾಲ್‌ನಲ್ಲಿ ಇಬ್ಬರೂ ಕೂತು ನುಡಿಸಿದರು. ಎದುರಿಗೆ ಅರವತ್ತು ಜನ: ಕನ್ನಡದವರು, ನಾಲ್ಕೈದು ಹಂಗೇರಿಯನ್ ಮುದುಕರು, ಆರ್ಕೆಸ್ಟ್ರಾದ ಹಳೆಯ ಗೆಳತಿ ಡೊರೊಥಿ. ಸೆಗೆದ್‌ನಲ್ಲಿ ಅಜ್ಜಿ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಹಾಡನ್ನು ಎತೆಲ್ಕಾ ಎರಡು ಬೆರಳಲ್ಲಿ ನುಡಿಸಿದಳು. ನಡುವೆ ಒಂದು ಕಡೆ ತಪ್ಪಿತು. ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಎತ್ತಿಕೊಂಡಳು. ಮುಂದಿನ ಸಾಲಿನ ಮುದುಕರೊಬ್ಬರು ಪದ ಹಿಡಿದು ದನಿಗೂಡಿಸಿದರು.

ಮುಗಿದ ಮೇಲೆ ಡೊರೊಥಿ, "ಇದು ನಿನ್ನ ಹಳೆಯ ಕೈಯಲ್ಲ" ಎಂದಳು.

"ಅಲ್ಲ" ಎಂದಳು ಎತೆಲ್ಕಾ. "ಆ ಕೈಗೆ ಇದು ಬರ್ತಿರಲಿಲ್ಲ."

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಆ ವರ್ಷದ ಬೇಸಿಗೆ ಕಳೆಯುವಷ್ಟರಲ್ಲಿ ಡಾಲ್ಟನ್ ಕಡೆಯಿಂದ ಒಬ್ಬ ಫೋನ್ ಮಾಡಿದ. ಮದುವೆ ಮನೆಗಳಲ್ಲಿ ಪಿಟೀಲು ಬಾರಿಸುತ್ತಿದ್ದನಂತೆ; ಕಾರ್ಪೆಟ್ ಮಿಲ್ಲಿನ ಮೆಷಿನ್‌ಗೆ ಸಿಕ್ಕಿ ಕಿರುಬೆರಳು ಹೋಗಿತ್ತು. ನನಗೂ ಕಲಿಸುತ್ತೀರಾ ಎಂದು ಹಿಂಜರಿಯುತ್ತ ಕೇಳಿದ.

"ಶನಿವಾರ ಹತ್ತು ಗಂಟೆಗೆ ಬನ್ನಿ" ಎಂದು ಎತೆಲ್ಕಾ ದಾರಿ ಹೇಳತೊಡಗಿದಳು.